ಕಡತ ಕಟ್ಟಿದವರು

ವಕೀಲರ ಮನೆಯ ಹೊರಗೆ ತೂಗುವ ಫಲಕದ ಮೇಲೆ ಇರುವುದು ಒಂದೋ ಎರಡೋ ಹೆಸರು. ಆ ಹೆಸರನ್ನು ನಡೆಸಿಕೊಂಡು ಹೋಗುವವರು ಒಳಗಿನ ನಾಲ್ಕಾರು ಮಂದಿ. ತಂದೆ ಕಾಲವಾದರೆ ಫಲಕದಲ್ಲಿ ಮಗನ ಹೆಸರು ಬರುತ್ತದೆ. ಮಗನ ತರುವಾಯ ಮೊಮ್ಮಗಳದು. ಗುಮಾಸ್ತರು ತೀರಿಕೊಂಡರೆ ಫಲಕಕ್ಕೆ ಅದರ ಅರಿವೇ ಆಗುವುದಿಲ್ಲ. ವಕೀಲರೊಬ್ಬರು ದಿವಂಗತರಾದಾಗ ನ್ಯಾಯಾಲಯದಲ್ಲಿ ನ್ಯಾಯಾಧೀಶರೂ ವಕೀಲವೃಂದದವರೂ ಎದ್ದು ನಿಂತು ಮೌನವನ್ನಾಚರಿಸುವ ಸಂಪ್ರದಾಯವುಂಟು. ಸತ್ತವರ ಗುಣಗಾನವಾಗುತ್ತದೆ, ನಿರ್ಣಯವನ್ನು ಬರೆದು ಕುಟುಂಬಕ್ಕೆ ಕಳುಹಿಸುತ್ತಾರೆ. ಗುಮಾಸ್ತರಿಗೆ ಆ ಮರ್ಯಾದೆ ಇಲ್ಲ. ಅವರ ಸಾವಿನ ಸುದ್ದಿ ಕೋರ್ಟಿನ ಎದುರಿನ ಕಾಫಿ ಹೋಟೆಲಿನಲ್ಲಿ ಒಂದು ಗಳಿಗೆ ಸುಳಿದಾಡಿ, ಮಧ್ಯಾಹ್ನದ ಕಲಾಪ ಆರಂಭವಾಗುವ ಹೊತ್ತಿಗೆ ಆರಿಹೋಗುತ್ತದೆ.

ತುಮಕೂರಿನಲ್ಲಿ ಮೂರು ತಲೆಮಾರು ಕಂಡ ಒಂದು ವಕೀಲಿ ಕಚೇರಿಯುಂಟು. ಅದರ ಹೆಸರು ಇಲ್ಲಿ ಬೇಕಿಲ್ಲ. ಮೈಸೂರು ಸಂಸ್ಥಾನದ ಚೀಫ್ ಕೋರ್ಟು 1930ರಲ್ಲಿ ಹೈಕೋರ್ಟೆಂಬ ಹೆಸರನ್ನು ಪಡೆದ ಕಾಲದ ಆಸುಪಾಸಿನಲ್ಲಿ, ಒಂದು ಬಾಡಿಗೆ ಮನೆಯ ಮುಂಗೋಣೆಯಲ್ಲಿ, ಎರಡು ಬೆಂಚು ಮತ್ತು ಒಂದು ಗೋಡೆ ಬೀರುವಿನೊಡನೆ ಅದು ಆರಂಭವಾಯಿತು. ಬೆಂಗಳೂರಿನಿಂದ ಗುಬ್ಬಿಯವರೆಗಿನ ರೈಲು ಹಿಂದಿನ ಶತಮಾನದಲ್ಲೇ ಬಂದಿದ್ದರಿಂದ ಕಡಬ, ನಿಟ್ಟೂರು, ಚೇಳೂರಿನ ಕಡೆಯ ಕಕ್ಷಿಗಾರರು ಗುಬ್ಬಿಗೆ ನಡೆದು ಬಂದು ರೈಲು ಹತ್ತುತ್ತಿದ್ದರು. ಕುಣಿಗಲ್ಲು, ಹುಲಿಯೂರುದುರ್ಗ, ಅಮೃತೂರಿನವರಿಗೆ ಆ ಭಾಗ್ಯವಿರಲಿಲ್ಲ. ಕುಣಿಗಲ್ಲು ರೈಲನ್ನು ಕಂಡದ್ದು ಈ ಶತಮಾನದಲ್ಲಿ. ಅವರೆಲ್ಲ ಹಿಂದಿನ ಸಂಜೆಯೇ ಗಾಡಿ ಕಟ್ಟಿಕೊಂಡೋ ಬಸ್ಸು ಹಿಡಿದೋ ಬಂದು, ಕಚೇರಿಯ ಜಗಲಿಯ ಮೇಲೆ ಬುತ್ತಿ ಬಿಚ್ಚಿ ಉಂಡು, ಅಲ್ಲಿಯೇ ಮಲಗುತ್ತಿದ್ದರು. ತೆಂಗಿನ ತೋಟದ ಬದು, ಅಡಕೆ ತೋಟದ ಬಾವಿಯ ಸರದಿ, ಕೆರೆಯ ತೂಬಿನ ನೀರು, ಅಣ್ಣತಮ್ಮಂದಿರ ಪಾಲು ಇವೇ ವ್ಯಾಜ್ಯಗಳು. ಇಂದಿಗೂ ಅವೇ.

ಕಚೇರಿಯ ಸ್ಥಾಪಕರು ಒಂದು ವಿಷಯವನ್ನು ಮಾತ್ರ ಬಹುಕಾಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರಂತೆ. ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಮೈಸೂರು ಸಂಸ್ಥಾನವು 1933ರಲ್ಲಿಯೇ ಶಾಸನ ಮಾಡಿ, ಅವಿಭಕ್ತ ಕುಟುಂಬದ ವಿಭಾಗದ ಕಾಲದಲ್ಲಿ ವಿಧವೆಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲನ್ನು ವಿಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿಹಕ್ಕಿನ ಕಾಯಿದೆ ಬಂದದ್ದು ನಾಲ್ಕು ವರ್ಷಗಳ ಅನಂತರ, 1937ರಲ್ಲಿ. ಸಂಸ್ಥಾನದ ಶಾಸನ ಬಂದ ಹೊಸತರಲ್ಲಿ ಗುಬ್ಬಿಯ ಕಡೆಯ ವಿಧವೆಯೊಬ್ಬಳ ದಾವೆಯನ್ನು ಅವರು ಹಿಡಿದು ಗೆಲ್ಲಿಸಿದ್ದರು. ಮುಂದೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಾಗ, “ನಮಗೆ ಇದು ಹಳೆಯ ಪಾಠ” ಎಂದು ನಕ್ಕರಂತೆ. ಅವರ ಭಾವಚಿತ್ರಕ್ಕೆ ಗಂಧದ ಹಾರವುಂಟು. ಅವರ ಮಾತು ಇಷ್ಟೇ ಸಾಕು. ಹಾರವಿಲ್ಲದವರ ಮಾತು ಹೆಚ್ಚು ಇದೆ.

ಅವರಲ್ಲಿ ಮೊದಲಿಗರು ಕುಣಿಗಲ್ಲಿನ ಗುಮಾಸ್ತರು. ಸ್ವಾತಂತ್ರ್ಯ ಬಂದ ಮರುವರ್ಷಗಳಲ್ಲಿ, ಮೀಸೆ ಮೂಡದ ವಯಸ್ಸಿನಲ್ಲಿ, ಕೈಬರಹ ದುಂಡಗಿದೆಯೆಂಬ ಒಂದೇ ಅರ್ಹತೆಯ ಮೇಲೆ ಅವರು ಈ ಕಚೇರಿಗೆ ಸೇರಿದರು. ಊರಿನ ಶಾನುಭೋಗರ ಜಗಲಿಯಲ್ಲಿ ಕಡತ ಮಡಿಸುವುದನ್ನೂ ಲೆಕ್ಕ ಕೂಡುವುದನ್ನೂ ಕಲಿತಿದ್ದ ಒಕ್ಕಲಿನ ಮನೆಯ ಹುಡುಗ. ನಲವತ್ತು ವರ್ಷಕ್ಕೂ ಮಿಕ್ಕಿ ಅವರು ಅಲ್ಲಿ ದುಡಿದರು. ಕೋರ್ಟಿಗೆ ಕೆಂಪು ದಾರದ ಕಟ್ಟುಗಳನ್ನು ಹೊತ್ತು ಹೋಗುವುದು, ವಾಯಿದೆಯ ತಾರೀಖನ್ನು ಡೈರಿಗೆ ಏರಿಸುವುದು, ನಕಲು ಅರ್ಜಿ ಕೊಡುವುದು, ಶಿರಸ್ತೇದಾರರ ಮುಖಭಾವವನ್ನು ದೂರದಿಂದಲೇ ಓದುವುದು ಎಲ್ಲ ಗುಮಾಸ್ತರೂ ಮಾಡುವ ಕೆಲಸ. ಇವರ ವಿಶೇಷ ಬೇರೆಯೇ ಇದ್ದಿತು.

ಮೊದಲನೆಯದು ಅವಧಿಯ ಲೆಕ್ಕ. ಪ್ರಾಮಿಸರಿ ನೋಟಿನ ಸಾಲಕ್ಕೆ ಮೂರು ವರ್ಷ, ಸ್ವತ್ತಿನ ಸ್ವಾಧೀನಕ್ಕೆ ಹನ್ನೆರಡು ವರ್ಷ. ಒಂದು ದಿನ ಮೀರಿದರೂ ನ್ಯಾಯದೇವತೆ ಕಿವುಡಿ. ಕಕ್ಷಿಗಾರರು ತಾರೀಖು ಹೇಳಲಾರರು. “ಯಡಿಯೂರು ತೇರಿನ ಮಾರನೆ ದಿನ ಬರೆದುಕೊಟ್ಟ” ಎನ್ನುತ್ತಾರೆ. ಗುಮಾಸ್ತರು ಕಣ್ಣು ಮುಚ್ಚಿ, ಬೆರಳ ಗೆಣ್ಣುಗಳನ್ನು ಎಣಿಸಿ, ಆ ವರ್ಷದ ತೇರು ಯಾವ ತಿಂಗಳ ಯಾವ ತೇದಿಗೆ ಬಿದ್ದಿತ್ತೆಂಬುದನ್ನು ಹೇಳುತ್ತಿದ್ದರು; ಪಂಚಾಂಗ ತೆಗೆದು ನೋಡಿದರೆ ಸರಿಯಿರುತ್ತಿತ್ತು. ಬೇಸಗೆಯ ರಜೆಯಲ್ಲಿ ಅವಧಿ ತೀರಿದ ದಾವೆಗಳನ್ನು ಕೋರ್ಟು ತೆರೆದ ದಿನವೇ ದಾಖಲು ಮಾಡಬೇಕು. ಆ ಬೆಳಗ್ಗೆ ಜವಾನ ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ಕಟ್ಟುಗಳನ್ನಿಟ್ಟುಕೊಂಡು ಕುಳಿತಿರುತ್ತಿದ್ದವರು ಇವರೇ.

ಎರಡನೆಯದು ಅವರ ಸೂಚಿಪುಸ್ತಕ. ಹಳೆಯ ಕಟ್ಟುಗಳನ್ನು ಎಲ್ಲರೂ ವರ್ಷದ ಪ್ರಕಾರವೋ ಕಕ್ಷಿಗಾರರ ಹೆಸರಿನ ಪ್ರಕಾರವೋ ಜೋಡಿಸಿದರೆ, ಇವರು ಊರಿನ ಪ್ರಕಾರ ಜೋಡಿಸಿದರು. ಹೆಬ್ಬೂರಿಗೆ ಒಂದು ಪುಟ, ಬೆಳ್ಳಾವಿಗೆ ಒಂದು, ಹಾಗಲವಾಡಿಗೆ ಒಂದು. ಹಿರಿಯರು ಆಕ್ಷೇಪಿಸಿದಾಗ ಕೊಟ್ಟ ಉತ್ತರ ಆ ಕಚೇರಿಯಲ್ಲಿ ಗಾದೆಯಾಗಿ ಉಳಿದಿದೆ: “ಕಕ್ಷಿಗಾರ ಸಾಯ್ತಾನೆ, ನಂಬರು ಮರೆತುಹೋಗುತ್ತೆ, ಊರು ಎಲ್ಲಿಗೆ ಹೋಗುತ್ತೆ, ಸ್ವಾಮಿ?”

ಕಚೇರಿಗೂ ಕುಣಿಗಲ್ಲಿಗೂ ಇನ್ನೊಂದು ನಂಟಿದ್ದಿತು. ಸ್ಥಾಪಕರು ತಮ್ಮ ಒಳ್ಳೆಯ ದಿನಗಳಲ್ಲಿ ಕುಣಿಗಲ್ಲಿನ ದೊಡ್ಡಕೆರೆಯ ಅಚ್ಚುಕಟ್ಟಿನಲ್ಲಿ ಎರಡೂವರೆ ಎಕರೆ ಗದ್ದೆಯನ್ನು ಕೊಂಡಿದ್ದರು. ಆ ಕೆರೆಯ ಮೇಲೆ ಜನಪದರು ಕಟ್ಟಿದ ಹಾಡು ಕನ್ನಡನಾಡಿಗೆಲ್ಲ ಗೊತ್ತು; ಅದರ ಕೆಳಗಿನ ಗದ್ದೆಯ ಅಕ್ಕಿಯ ರುಚಿ ಗೊತ್ತಿರುವುದು ಸ್ವಲ್ಪ ಜನಕ್ಕೆ ಮಾತ್ರ. ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು ಗುಮಾಸ್ತರ ಅಣ್ಣ. ಕರಾರುಪತ್ರವಿಲ್ಲ, ರಸೀದಿಯಿಲ್ಲ, ಮಾತೇ ಪತ್ರ. ಪ್ರತಿ ಸಂಕ್ರಾಂತಿಯ ಹೊತ್ತಿಗೆ ಅಕ್ಕಿಯ ಮೂಟೆಗಳು ಕುಣಿಗಲ್ ಬಸ್ಸಿನ ನೆತ್ತಿಯ ಮೇಲೆ ತುಮಕೂರಿಗೆ ಬರುತ್ತಿದ್ದುವು. ಗುಮಾಸ್ತರೇ ನಿಂತು ಇಳಿಸುತ್ತಿದ್ದರು.

1974ರ ಮಾರ್ಚ್ 1ರಂದು ಭೂಸುಧಾರಣಾ ಕಾಯಿದೆಯ ಹೊಸ ತಿದ್ದುಪಡಿ ಜಾರಿಗೆ ಬಂದಿತು. ಗೇಣಿಯ ಮೇಲಿದ್ದ ಜಮೀನೆಲ್ಲ ಆ ದಿನದಿಂದ ಸರ್ಕಾರಕ್ಕೆ ಸೇರಿತು. ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಹಾಕಿ, ತಾಲ್ಲೂಕಿನ ಭೂನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ರುಜುವಾತುಪಡಿಸಿ, ಅಧಿಭೋಗದ ಹಕ್ಕನ್ನು ಪಡೆಯಬಹುದಾಯಿತು. ಮಂಡಳಿಯ ಮುಂದೆ ವಕೀಲರು ಹಾಜರಾಗಕೂಡದೆಂದು ಕಾಯಿದೆಯಲ್ಲಿಯೇ ಬರೆದಿದ್ದರು. ಆ ನಿಷೇಧವನ್ನು ಸುಪ್ರೀಂ ಕೋರ್ಟು ಅನೂರ್ಜಿತವೆಂದು ಸಾರಿದ್ದು 1987ರಲ್ಲಿ; ಅಷ್ಟರೊಳಗೆ ಅಸಂಖ್ಯ ಪ್ರಕರಣಗಳು ಮುಗಿದುಹೋಗಿದ್ದುವು. ವಕೀಲರಿಗೆ ಬಾಗಿಲು ಮುಚ್ಚಿದರೂ ಬರೆಯಬಲ್ಲವರಿಗೆ ಮುಚ್ಚಿರಲಿಲ್ಲ. ಗುಮಾಸ್ತರು ಭಾನುವಾರ ಊರಿಗೆ ಹೋದಾಗ ಕುಣಿಗಲ್ಲಿನ ಬಸ್ಸು ನಿಲ್ದಾಣದ ಬಳಿಯ ಹೋಟೆಲೊಂದರ ಮೂಲೆಯ ಮೇಜಿನಲ್ಲಿ ಕುಳಿತು, ಬಂದವರಿಗೆಲ್ಲ ಅರ್ಜಿ ಬರೆದುಕೊಟ್ಟರು. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ, ಎಷ್ಟು ವರ್ಷದ ಸಾಗುವಳಿ. ಕೊಟ್ಟರೆ ಒಂದು ಕಾಫಿ, ಕೊಡದಿದ್ದರೆ ಅದೂ ಇಲ್ಲ. ಹೀಗೆ ನೂರಾರು ಅರ್ಜಿ ಬರೆದ ಕೈ, ತನ್ನ ಅಣ್ಣನ ಅರ್ಜಿಯನ್ನು ಮಾತ್ರ ಬರೆಯಲಿಲ್ಲ.

ಬರೆದರೆ ಎದುರು ಕಕ್ಷಿ ಯಾರು? ಅನ್ನ ಹಾಕುತ್ತಿದ್ದ ಯಜಮಾನರು. ಆ ವೇಳೆಗೆ ಸ್ಥಾಪಕರು ತೀರಿಕೊಂಡು ಅವರ ಮಗ ಕಚೇರಿಯ ಹಿರಿಯರಾಗಿದ್ದರು. ಗುಮಾಸ್ತರ ಅಣ್ಣನಿಗೆ ಅಕ್ಷರ ಬಾರದು. ಬೇರೆಯವರಿಂದ ಬರೆಸಬಹುದಿತ್ತು, “ಬರೆದರೆ ನನ್ನ ತಮ್ಮ ಬರೀಲಿ, ಇಲ್ಲದಿದ್ದರೆ ಬೇಡ” ಎಂದು ಅವರ ಹಟ. ಅದು ಹಟವೋ, ತಮ್ಮನ ಅನ್ನಕ್ಕೆ ಕಲ್ಲು ಬೀಳಬಾರದೆಂಬ ಕಾಳಜಿಯೋ, ಹೇಳುವವರು ಈಗ ಯಾರೂ ಉಳಿದಿಲ್ಲ. ಐದು ವರ್ಷ ಕಳೆಯಿತು. ಅರ್ಜಿಯ ಅವಧಿಯನ್ನು ಸರ್ಕಾರ ವಿಸ್ತರಿಸಿ, ಕೊನೆಗೆ 1979ರ ಜೂನ್ 30ನ್ನು ಗಡುವಾಗಿ ಗೊತ್ತುಪಡಿಸಿತು. ಅವಧಿಯ ಲೆಕ್ಕದಲ್ಲಿ ಒಂದು ದಿನ ತಪ್ಪದ ಮನುಷ್ಯನಿಗೆ ಆ ತಾರೀಖು ಹೇಗೆ ಕಂಡಿರಬೇಕು!

ಜೂನ್ ತಿಂಗಳ ಮಧ್ಯದಲ್ಲಿ ಅಣ್ಣ ತುಮಕೂರಿಗೆ ಬಂದರು. ಜಗಲಿಯ ಮೇಲೆ ಕುಳಿತರು. ಕೊಟ್ಟ ಕಾಫಿ ಕುಡಿದರು. ಮಳೆಯ ಮಾತಾಡಿದರು. ಅರ್ಜಿಯ ಸುದ್ದಿ ಎತ್ತದೆ ಸಂಜೆಯ ಬಸ್ಸಿಗೆ ಹೊರಟುಹೋದರು. ಮರುದಿನ ಬೆಳಗ್ಗೆ ಗುಮಾಸ್ತರು ಎಂದಿನಂತೆ ಆ ದಿನದ ಕೇಸುಗಳ ಪಟ್ಟಿಯನ್ನು ಹಿರಿಯರ ಮೇಜಿನ ಮೇಲಿಟ್ಟು, ಅದರ ಕೆಳಗೆ ತುಂಬಿದ ನಮೂನೆ 7ನ್ನು ಇಟ್ಟು, “ಚಕ್ಕುಬಂದಿ ಸರಿಯಾಗಿದೆಯೇ ನೋಡಬೇಕು” ಎಂದರು.

ಹಿರಿಯರು ಓದಿದರು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ, ಲೇಖನಿಯ ಮುಚ್ಚಳ ತೆಗೆದು, ಉತ್ತರದ ಎಲ್ಲೆಯಲ್ಲಿ ‘ಕಾಲುವೆ’ ಎಂದಿದ್ದುದನ್ನು ‘ಕಾಲುವೆಯ ಏರಿ’ ಎಂದು ತಿದ್ದಿ ಹಿಂದಕ್ಕೆ ಕೊಟ್ಟರು. ಮಾತಿಲ್ಲ.

ಇಲ್ಲಿಗೆ ಕಥೆ ಮುಗಿಯಿತೆಂದು ಯಾರಾದರೂ ಭಾವಿಸಿದರೆ ಅವರು ವಕೀಲರ ಮನೆಯನ್ನು ಒಳಗಿನಿಂದ ಕಂಡವರಲ್ಲ. ತಪ್ಪಿರುವ ಕಾಗದ ತಮ್ಮ ಕಚೇರಿಯಿಂದ ಹೊರಗೆ ಹೋಗಕೂಡದೆಂಬುದು ಅವರ ಅಭ್ಯಾಸಬಲ. ಅದನ್ನು ಒಪ್ಪಿಗೆಯೆಂದು ತಿಳಿಯುವುದು ಕಷ್ಟ. ಮೂರು ತಿಂಗಳು ಆ ಇಬ್ಬರ ನಡುವೆ ತಾರೀಖು, ನಂಬರುಗಳ ಹೊರತು ಬೇರೆ ಮಾತು ನಡೆಯಲಿಲ್ಲ. ಒಳಮನೆಯಲ್ಲಿ ಹಿರಿಯರ ವೃದ್ಧ ತಾಯಿ, “ಉಂಡ ಮನೆಯ ಜಂತೆ ಎಣಿಸಿದ” ಎಂದು ಕೇಳುವಂತೆಯೇ ಹೇಳುತ್ತಿದ್ದರು. ಬಂಧುಗಳ ಸಲಹೆ ಇನ್ನೂ ಸುಲಭವಾದದ್ದು. ಪಹಣಿಯಲ್ಲಿ ಸಾಗುವಳಿದಾರನ ಅಂಕಣದಲ್ಲಿ ವರ್ಷ ವರ್ಷವೂ ಯಜಮಾನರ ಹೆಸರೇ ಇದ್ದಿತು. ಶಾನುಭೋಗಿಕೆ 1963ರಲ್ಲಿ ರದ್ದಾಗುವುದಕ್ಕೆ ಮೊದಲೂ ಆಮೇಲೂ ಅದನ್ನು ಯಾರೂ ಬದಲಿಸಿರಲಿಲ್ಲ. ಕರಾರಿಲ್ಲ, ರಸೀದಿಯಿಲ್ಲ. “ಕೂಲಿಗೆ ದುಡಿಯುತ್ತಿದ್ದ, ಗೇಣಿದಾರನಲ್ಲ” ಎಂದು ಒಂದು ಮಾತು ಹೇಳಿದರೆ ತೀರಿತು. ಆ ಮಾತನ್ನು ಆ ದಿನಗಳಲ್ಲಿ ಎಷ್ಟೋ ಮಂದಿ ಗಣ್ಯರು ಎಷ್ಟೋ ಮಂಡಳಿಗಳ ಮುಂದೆ ಹೇಳಿ, ಗದ್ದೆ ಉಳಿಸಿಕೊಂಡು, ಊಟಕ್ಕೆ ಮನೆಗೆ ಹೋದರು.

ವಿಚಾರಣೆಯ ದಿನ ಹಿರಿಯರು ಕುಣಿಗಲ್ಲಿಗೆ ಹೋದರು. ವಕೀಲರಿಗೆ ಪ್ರವೇಶವಿಲ್ಲದ ಕಡೆ ಕಕ್ಷಿಗಾರರಾಗಿ, ಕಪ್ಪು ಕೋಟಿಲ್ಲದೆ, ರೈತರ ಸಾಲಿನಲ್ಲಿ ನಿಂತು ಹೆಸರು ಕೂಗಿಸಿಕೊಂಡರು. ಪ್ರಮಾಣ ಮಾಡಿಸಿ, ಜಮೀನನ್ನು ಯಾರು ಸಾಗು ಮಾಡುತ್ತಿದ್ದರೆಂದು ಕೇಳಿದಾಗ, “ಅರ್ಜಿದಾರರು. ಗೇಣಿ ನನಗೆ ಸಂದಿದೆ” ಎಂದರು. ಎರಡು ವಾಕ್ಯ. ಸಹಿ ಹಾಕಿ ಹೊರಗೆ ಬಂದರು. ಮಂಡಳಿಯ ತೀರ್ಮಾನಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಇದನ್ನು ಔದಾರ್ಯವೆಂದು ಹೊಗಳುವುದು ಸಲ್ಲದು. ಉಳುವವನ ಹಕ್ಕು ಉಳುವವನಿಗೆ ಹೋಯಿತು; ಹಿರಿಯರು ಮಾಡಿದ್ದು ನಿಜ ಹೇಳಿದ್ದಷ್ಟೆ. ಆದರೆ ನಿಜದ ಬೆಲೆ ಎರಡೂವರೆ ಎಕರೆ ಗದ್ದೆಯಷ್ಟಾಗಿರುವಾಗ, ಅದೂ ತಾಯಿಯ ಮುಖ ಆರು ತಿಂಗಳು ಬಾಡಿರುವಾಗ, ‘ಅಷ್ಟೆ’ ಎಂಬ ಮಾತೂ ಪೂರ್ತಿ ಸರಿಯಲ್ಲ.

ಆ ವರ್ಷದ ಸಂಕ್ರಾಂತಿಗೆ ಕುಣಿಗಲ್ ಬಸ್ಸಿನ ಮೇಲೆ ಒಂದು ಮೂಟೆ ಅಕ್ಕಿ ಬಂದಿತು. ಗೇಣಿಯಲ್ಲ, ಗೇಣಿ ಇನ್ನಿಲ್ಲ. ಹಿರಿಯರು ಅದನ್ನು ಅದೇ ಬಸ್ಸಿನಲ್ಲಿ ಹಿಂದಕ್ಕೆ ಕಳುಹಿಸಿದರು. ಮರುವರ್ಷವೂ ಬಂದಿತು. ಮಂಡಿಪೇಟೆಯ ಧಾರಣೆಯನ್ನು ವಿಚಾರಿಸಿ ಹಣವನ್ನು ಗುಮಾಸ್ತರ ಕೈಗಿತ್ತರು. ಮೂರನೆಯ ವರ್ಷ ಮೂಟೆಯನ್ನು ಒಳಕ್ಕೆ ತೆಗೆದುಕೊಳ್ಳಲು ತಾಯಿಯೇ ಹೇಳಿದರು. “ಈ ಅಕ್ಕಿ ಇಲ್ಲದೆ ಪೊಂಗಲು ಪೊಂಗಲಾಗುವುದಿಲ್ಲ” ಎಂದು ಅವರು ಕೊಟ್ಟ ಕಾರಣ.

ಗುಮಾಸ್ತರು ತೀರಿಕೊಂಡದ್ದು ಒಂದು ಕೆಲಸದ ದಿನ, ಕುಣಿಗಲ್ಲಿನಲ್ಲಿ. ಅಂದು ಹಿರಿಯರ ಮುಂದೆ ದೊಡ್ಡ ದಾವೆಯೊಂದರ ವಾದವಿದ್ದಿತು. ಗುಮಾಸ್ತರ ಸಾವು ವಾಯಿದೆಗೆ ಕಾರಣವಾಗುವುದುಂಟೇ? ಎದುರು ಪಕ್ಷದ ವಕೀಲರು ತಾವಾಗಿಯೇ ಎದ್ದು ತಮಗೆ ಸಿದ್ಧತೆಗೆ ಕಾಲ ಬೇಕೆಂದು ಕೇಳಿಕೊಂಡರು. ಪೂರ್ಣ ಸಿದ್ಧವಾಗಿಯೇ ಬಂದಿದ್ದರು ಅವರು. ಕೋರ್ಟಿಗೆಲ್ಲ ಅದು ಗೊತ್ತಿದ್ದಿತು. ಹಿರಿಯರು ಬಸ್ಸು ಹಿಡಿದು ಕುಣಿಗಲ್ಲಿಗೆ ಹೋಗಿ, ಸಂಜೆಯವರೆಗೆ ಗುಮಾಸ್ತರ ಅಣ್ಣನೊಡನೆ ಕೆರೆಯ ಏರಿಯ ಮೇಲೆ ಕುಳಿತಿದ್ದು ಬಂದರು.

ಎರಡನೆಯವರು ಗುಬ್ಬಿಯವರು, ಇವರು ವಕೀಲರೇ, ಆದರೆ ಇಡೀ ಜೀವಮಾನ ಇನ್ನೊಬ್ಬರ ಫಲಕದ ಕೆಳಗೆ ‘ಜೂನಿಯರ್’ ಆಗಿಯೇ ಕಳೆದವರು. ಗುಬ್ಬಿಯ ನೀರು ಕುಡಿದ ಮೇಲೆ ನಾಟಕದ ಹುಚ್ಚಿರಲೇಬೇಕಷ್ಟೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯೂ ಅದನ್ನು ನಾಡಿನ ಮನೆಮಾತಾಗಿಸಿದ ವೀರಣ್ಣನವರೂ ಆ ಊರಿಗೆ ಕೊಟ್ಟುಹೋದ ಆಸ್ತಿ ಅದು. ರಂಗದ ಮೇಲೆ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದ ಆ ಕಂಪನಿಯ ‘ಕುರುಕ್ಷೇತ್ರ’ವನ್ನು ಕಂಡವರ ಬಾಯಿಂದ ಕೇಳುತ್ತ ಬೆಳೆದ ಇವರು, ಹಳ್ಳಿಯ ಹವ್ಯಾಸಿ ಮೇಳಗಳಲ್ಲಿ ಶ್ರೀಕೃಷ್ಣನ ಪಾತ್ರ ವಹಿಸುತ್ತಿದ್ದರು. ರಾತ್ರಿಯೆಲ್ಲ ಸಂಧಾನದ ಕೃಷ್ಣನಾಗಿ ಕೌರವನ ಸಭೆಯಲ್ಲಿ ಸೋತು, ಬೆಳಗ್ಗೆ ಬಣ್ಣ ತೊಳೆದು ರೈಲು ಹಿಡಿದು ತುಮಕೂರಿನ ಮುನ್ಸಿಫ್ ಕೋರ್ಟಿನಲ್ಲಿ ಅಣ್ಣತಮ್ಮಂದಿರನ್ನು ರಾಜಿ ಮಾಡಿಸುತ್ತಿದ್ದರು. ಕಿವಿಯ ಹಿಂದೆ ನೀಲಿ ಬಣ್ಣ ಉಳಿದಿರುತ್ತಿದ್ದುದೂ ಉಂಟು. ನ್ಯಾಯಾಧೀಶರು ಕಂಡೂ ಕಾಣದಂತಿರುತ್ತಿದ್ದರು.

ರಾಜಿ ಮಾಡಿಸುವ ಅವರ ವಿಧಾನ ಸರಳ. ಭಾನುವಾರ ಎರಡೂ ಕಡೆಯವರನ್ನು ಕಚೇರಿಗೆ ಕರೆಸಿ, ಮೊದಲು ಊಟ ಹಾಕಿಸುವುದು. ಒಂದೇ ಸಾಲಿನಲ್ಲಿ. ದಾವೆಯ ಮಾತು ಊಟವಾದ ಮೇಲೆಯೇ. ಇದರಿಂದ ಕಚೇರಿಯ ಆದಾಯಕ್ಕೆ ಹೊಡೆತ ಬೀಳುತ್ತಿದ್ದುದು ಸುಳ್ಳಲ್ಲ. ಹತ್ತು ವರ್ಷ ನಡೆಯಬಹುದಾಗಿದ್ದ ವ್ಯಾಜ್ಯ ಒಂದು ಹಪ್ಪಳ ಪಾಯಸದಲ್ಲಿ ಮುಗಿದರೆ ಯಾವ ಹಿರಿಯ ವಕೀಲರಿಗೆ ಸಂತೋಷ? ಒಮ್ಮೆ ಇದೇ ಕಾರಣದಿಂದ ಮಾತಿಗೆ ಮಾತು ಬೆಳೆದು, ಹಿರಿಯರು ಕೋಪದಲ್ಲಿ ಬೆರಳಚ್ಚುಗಾರ್ತಿಯನ್ನು ಕರೆದು, ಗುಬ್ಬಿಯವರನ್ನು ಕಚೇರಿಯಿಂದ ಬಿಡುಗಡೆ ಮಾಡುವ ಒಂದು ಕಟುವಾದ ಪತ್ರವನ್ನು ಹೇಳಿ ಬರೆಸಿದರು. ಆಕೆ ಶೀಘ್ರಲಿಪಿಯಲ್ಲಿ ಬರೆದುಕೊಂಡರು. ಸಂಜೆ ಪತ್ರವೆಲ್ಲಿ ಎಂದರೆ, “ರಿಬ್ಬನ್ ತುಂಡಾಗಿದೆ, ಸಾರ್.” ಮರುದಿನ ಹೊಸ ರಿಬ್ಬನ್ ಪೇಟೆಯಲ್ಲಿ ಸಿಗಲಿಲ್ಲ. ಅದರ ಮರುದಿನ ಹಿರಿಯರು ಕೇಳಲಿಲ್ಲ. ಗುಬ್ಬಿಯವರು ಮತ್ತೆ ಹದಿನೆಂಟು ವರ್ಷ ಅಲ್ಲಿಯೇ ಇದ್ದರು. ಅಂಥದೊಂದು ಪತ್ರದ ವಿಷಯ ಅವರಿಗೆ ಗೊತ್ತಾಗಲೇ ಇಲ್ಲ. ಅವರು ತೀರಿಕೊಂಡಾಗ ಕೋರ್ಟಿನಲ್ಲಿ ಸಂತಾಪಸಭೆ ನಡೆಯಿತು. ಹಿರಿಯರು ಮಾತಾಡಲು ಎದ್ದು, ಎರಡು ಮಾತಿನ ಅನಂತರ ಕುಳಿತುಬಿಟ್ಟರು.

ಆ ಬೆರಳಚ್ಚುಗಾರ್ತಿ ಮೂವತ್ತೈದು ವರ್ಷ ಅದೇ ಕಿಟಕಿಯ ಪಕ್ಕ ಕುಳಿತರು. ಇಂಗ್ಲಿಷ್ ಯಂತ್ರದಲ್ಲಿ ಆರಂಭಿಸಿದವರು. 1963ರ ರಾಜಭಾಷಾ ಶಾಸನದ ತರುವಾಯ ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡ ಮೆಲ್ಲಮೆಲ್ಲನೆ ನಡೆದು ಬಂದಂತೆ, ನಡುವಯಸ್ಸಿನಲ್ಲಿ ಕನ್ನಡ ಯಂತ್ರದ ಕೀಲಿಗಳನ್ನು ಹೊಸದಾಗಿ ಕಲಿತರು. ಅರುವತ್ತರ ಹೊಸ್ತಿಲಲ್ಲಿ ಗಣಕಯಂತ್ರವನ್ನು. ಒತ್ತಕ್ಷರ ತಪ್ಪಿದ ಅರ್ಜಿದಾವೆ ಅವರ ಕೈಯಿಂದ ಹೋದದ್ದಿಲ್ಲ. 2021ರ ಮೇ ತಿಂಗಳಿನಲ್ಲಿ ಕೋವಿಡ್ಡಿನ ಎರಡನೆಯ ಅಲೆ ಅವರನ್ನು ಕೊಂಡೊಯ್ದಿತು. ಕಚೇರಿಯವರಾರೂ ಹೋಗುವಂತಿರಲಿಲ್ಲ, ದಹನವನ್ನು ಮೊಬೈಲಿನ ಚಿಕ್ಕ ತೆರೆಯಲ್ಲಿ ಕಂಡರು. ಅವರ ಮೇಜಿನ ಒಳಗೆ ಸಿಕ್ಕ ಶೀಘ್ರಲಿಪಿಯ ಪುಸ್ತಕಗಳು ಇನ್ನೂ ಬೀರುವಿನಲ್ಲಿವೆ. ಆ ಕಟುಪತ್ರವೂ ಅವುಗಳಲ್ಲೊಂದರಲ್ಲಿ ಇರಬೇಕು. ಪಿಟ್‌ಮನ್ ಲಿಪಿಯನ್ನು ಓದಬಲ್ಲವರು ಈಗ ಆ ಕಚೇರಿಯಲ್ಲಿ ಯಾರೂ ಇಲ್ಲ. ಒಳ್ಳೆಯದೇ ಆಯಿತು.

ಈಗ ಫಲಕದ ಮೇಲಿರುವುದು ಸ್ಥಾಪಕರ ಮೊಮ್ಮಗಳ ಹೆಸರು. ವಾಯಿದೆಯ ತಾರೀಖು ಮೊಬೈಲಿಗೇ ಬರುತ್ತದೆ. ನಕಲನ್ನು ಕುಳಿತಲ್ಲಿಯೇ ತೆರೆದು ನೋಡಬಹುದು. ಹಳೆಯ ಕಟ್ಟು ಬೇಕಾದಾಗ ಮಾತ್ರ ಅವರು ಗುಮಾಸ್ತರ ಸೂಚಿಪುಸ್ತಕವನ್ನು ತೆರೆದು ಊರಿನ ಪುಟವನ್ನು ಹುಡುಕುತ್ತಾರೆ. ಕಳೆದ ವರ್ಷ ಕುಣಿಗಲ್ಲಿನಿಂದ ಇಬ್ಬರು ಯುವಕರು ಒಂದೇ ವಾರದಲ್ಲಿ ಬೇರೆ ಬೇರೆಯಾಗಿ ಬಂದರು. ಗುಮಾಸ್ತರ ಅಣ್ಣನ ಮೊಮ್ಮಕ್ಕಳು. ಭೂನ್ಯಾಯಮಂಡಳಿಯ ಆಜ್ಞೆಯ ನಕಲು ಇಬ್ಬರಿಗೂ ಬೇಕು, ಒಬ್ಬರ ಮೇಲೊಬ್ಬರು ವಿಭಾಗದ ದಾವೆ ಹೂಡುವುದಕ್ಕೆ. ಎರಡೂವರೆ ಎಕರೆ ಗದ್ದೆ. ಪಕ್ಕದಲ್ಲಿ ಹೆದ್ದಾರಿ ಅಗಲವಾಗಿ, ಬೆಲೆ ಕೇಳಿದರೆ ತಲೆ ತಿರುಗುವಂತಾಗಿದೆ.

ಅವರು ಇಬ್ಬರ ವಕಾಲತ್ತನ್ನೂ ಹಿಡಿಯಲು ಒಪ್ಪಲಿಲ್ಲ. ನಕಲನ್ನು ಮಾತ್ರ ಇಬ್ಬರಿಗೂ ಕೊಟ್ಟರು. ಅದರೊಡನೆ ಒಂದು ಪ್ರಶ್ನೆ ಕೇಳಿದರು: ಅಕ್ಕತಂಗಿಯರು ಎಷ್ಟು ಮಂದಿ? ಇಬ್ಬರು ಇದ್ದಾರೆ, ಆದರೆ ಮದುವೆಯಾಗಿ ಹೋಗಿದ್ದಾರೆ ಎಂದು ಉತ್ತರ. ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಪಾಲುದಾರರೆಂದು ಕರ್ನಾಟಕದ ತಿದ್ದುಪಡಿ 1994ರಲ್ಲಿಯೂ ಕೇಂದ್ರದ ತಿದ್ದುಪಡಿ 2005ರಲ್ಲಿಯೂ ಬಂದುದನ್ನು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟಪಡಿಸಿದುದನ್ನು ಅವರು ವಿವರಿಸಿದರು. ಹುಡುಗರ ಮುಖ ಸಣ್ಣದಾಯಿತು. ನಾಲ್ವರೂ ಒಟ್ಟಿಗೆ ಬರುವುದಾದರೆ ಭಾನುವಾರ ಬರಬಹುದು, ಊಟ ಕಚೇರಿಯಲ್ಲಿಯೇ ಎಂದು ಹೇಳಿ ಕಳುಹಿಸಿದರು.

ಮೊದಲ ಭಾನುವಾರ ಯಾರೂ ಬರಲಿಲ್ಲ. ಎರಡನೆಯ ಭಾನುವಾರ ಹಿರಿಯಕ್ಕ ಒಬ್ಬಳೇ ಬಂದಳು, ಕೈಯಲ್ಲಿ ಒಂದು ಚಿಕ್ಕ ಅಕ್ಕಿಯ ಚೀಲ ಹಿಡಿದುಕೊಂಡು. ತಮ್ಮಂದಿರು ಮುಂದಿನ ಬಸ್ಸಿಗೆ ಬರುವರೆಂದು ಹೇಳಿ, ಜಗಲಿಯ ಮೇಲೆ ಕುಳಿತಳು.